ಅಜ್ಜಿಯ ಅಂಬರ್ ಮಣಿ

ಎಲ್ಲಾದರೂ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಈಗಲೂ ನನ್ನ ಕೈ ಕೊರಳಿಗೆ ಹೋಗುತ್ತದೆ.

ತಂಗಿಗೆ ಕಾಮಾಲೆಯಾದಾಗ ಅಜ್ಜಿ ದವಾಖಾನೆಗೆ ಒಯ್ಯಲು ಬಿಡಲಿಲ್ಲ. ತನ್ನ ಸರದ, ಕಲ್ಲಾದ ಮರದಂಟಿನದು ಎನ್ನುತ್ತಿದ್ದ ಜೇನುಬಣ್ಣದ ಅಂಬರ್ ಮಣಿಯನ್ನು ಅವಳ ಕೊರಳಿಗೆ ಕಟ್ಟಿ, "ಹಳದಿ ಎಲ್ಲಾ ಇದು ಎಳಕೋತೈತಿ" ಎಂದಳು. ಒಂಬತ್ತನೆಯ ದಿನ ತಂಗಿ ತೀರಿಕೊಂಡಳು.

ಮಣ್ಣು ಮಾಡಿ ವಾರವಾದ ಮೇಲೆ, ಒಂದು ಮಧ್ಯಾಹ್ನ, ಅಜ್ಜಿ ಆ ಮಣಿ ಹಿಡಿದು, ನನ್ನನ್ನು ಕರೆದುಕೊಂಡು ಮಕ್ತಲಿನ ಅಕ್ಕಸಾಲಿ ಪತ್ತಾರನ ಅಂಗಡಿಗೆ ಹೋದಳು. ಅವನು ಸೂಜಿ ಕಾಯಿಸಿ ಮಣಿಗೆ ಚುಚ್ಚಿದ. ಸುಟ್ಟ ಪ್ಲಾಸ್ಟಿಕ್ ಬಾಚಣಿಗೆಯ ವಾಸನೆ ನನ್ನ ಮೂಗಿಗೆ ಬಡಿಯಿತು. ನಶ್ಯ ಏರಿಸಿ ಏರಿಸಿ ಅಜ್ಜಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ.

"ಅಸಲಿ ಇದ್ರ ಧೂಪದ ವಾಸನಿ ಬರಬೇಕಲ್ರೀ, ಬಂತೇನು?"

ಪತ್ತಾರ ಅವಳ ಮುಖ ನೋಡಿ ಸೂಜಿ ಕೆಳಗಿಟ್ಟ. "ಬಂತವ್ವಾ. ಅಸಲಿ ಐತಿ."

"ಹಂಗಾದ್ರ ಕೂಸಿನ ಆಯುಷ್ಯನೇ ಅಷ್ಟಿತ್ತು" ಎಂದು ಅಜ್ಜಿ ಮಣಿಯನ್ನು ಅಲ್ಲೇ ನನ್ನ ಕೊರಳಿಗೆ ಕಟ್ಟಿದಳು.