ಬರೀ ನೀರು

"ಅಮ್ಮಾ, ಬರೀ ನೀರಲ್ಲೂ ಜ್ಯೂಸಿನಷ್ಟೇ ಸಕ್ಕರೆ ತೋರಿಸ್ತಿದೆ! ನಾಳೆ ಟೀಚರ್ ಮುಂದೆ ಏನ್ ಹೇಳ್ಲಿ?" ಮಗಳು ಅಳುಮೋರೆ ಮಾಡಿದಳು. ಸಕ್ಕರೆ ಹೆಚ್ಚಿದ್ದಷ್ಟೂ ಮೇಲೆ ತೇಲಬೇಕಾದ ಸ್ಟ್ರಾ ಎರಡೂ ಲೋಟಗಳಲ್ಲಿ ಒಂದೇ ಎತ್ತರಕ್ಕೆ ನಿಂತಿತ್ತು.

ಅವಳ ತಾಯಿ ಟೈಲರಮ್ಮ ಸ್ಟ್ರಾದ ತುದಿಯ ಜೇಡಿಮಣ್ಣು ಕಿತ್ತು ಹೊಸದಾಗಿ ಮೆತ್ತಿದಳು. ಅಳತೆಯ ಗೆರೆಗಳನ್ನು ಅಳಿಸಿ ಮತ್ತೆ ಎಳೆದಳು. ಊಹೂಂ. ರೇಗಿ ರೇಗಿ ಗಂಟಲೊಣಗಿ, ಪ್ರಯೋಗಕ್ಕೆಂದು ತನ್ನ ಮುದಿ ಅಪ್ಪ ತಂದಿಟ್ಟಿದ್ದ ನೀರಿನ ಜಗ್ಗನ್ನೇ ಎತ್ತಿ ಒಂದು ಗುಟುಕು ಕುಡಿದಳು. ಸಿಹಿ!

"ಅಪ್ಪಾ! ಬರೀ ನೀರು ತಾ ಅಂದ್ರೆ ಸಕ್ಕರೆ ಯಾಕೆ ಸುರಿದೆ? ಬುದ್ಧಿ ಇದೆಯಾ ನಿಂಗೆ?"

ಮುದುಕ ತಬ್ಬಿಬ್ಬಾದ. "ಹಾಕ್ದಿದ್ರೆ ನೀನೆಲ್ಲಿ ಕುಡೀತಿದ್ದೆ? ಚಿಕ್ಕೋಳಿದ್ದಾಗ ಜ್ವರ ಬಂದು ಮಲಗಿದ್ರೂ ಹಟ ಮಾಡ್ತಿದ್ದೆಯಲ್ಲೇ, ಕತ್ತೆ."

"ಕೊಡಮ್ಮ, ಚೆಲ್ಲಿ ಬೇರೆ ನೀರು ತರ್ತೀನಿ" ಎಂದು ಮಗಳು ಕೈ ಚಾಚಿದಳು. ಟೈಲರಮ್ಮ ಜಗ್ಗು ಕೊಡಲಿಲ್ಲ. ಅಲ್ಲೇ ನೆಲದ ಮೇಲೆ ಕುಕ್ಕರಿಸಿ, ಎರಡೂ ಕೈಯಲ್ಲಿ ಹಿಡಿದು ಗಟಗಟ ಕುಡಿಯತೊಡಗಿದಳು.