ನೆರಳು ತುಳಿಯುವ ಆಟ

ಡಾಕ್ಟರ ಕೋಣೆಯ ಬಿಸಿಲಲ್ಲಿ ನಿಂತಿದ್ದ ಇಂಚರಳ ನೆರಳು ಎರಡನೇ ಸಲ ಸೋಸಿದ ಚಹಾದಂತೆ ತೆಳ್ಳಗಿತ್ತು. ಒಂದೊಂದು ಎಕ್ಸ್-ರೇಗೂ ನೆರಳು ಒಂದಿಷ್ಟು ಮಾಸುತ್ತದೆ ಎಂಬುದು ಊರಿಗೆಲ್ಲ ಗೊತ್ತಿದ್ದದ್ದೇ. ಹಿಂದೊಮ್ಮೆ ಅವಳ ಕೈ ಮುರಿದಾಗ ತೆಗೆದದ್ದಕ್ಕೆ ತಾಯಿ ಜಯಶೀಲಾ ಚಕಾರ ಎತ್ತಿರಲಿಲ್ಲ. ಅದು ಬೇಕೇ ಬೇಕಿತ್ತು.

ಡಾಕ್ಟರು ಒಮ್ಮೆ ಸೀನಿ, ಸ್ಟೆತಸ್ಕೋಪನ್ನು ಕಿವಿಯಿಂದ ತೆಗೆದರು. "ಎದೆ ಚೆನ್ನಾಗಿದೆ ಕಣಮ್ಮ, ಬರೀ ನೆಗಡಿ. ಯಾವುದಕ್ಕೂ ಇರಲಿ, ಒಂದು ಎಕ್ಸ್-ರೇ ತೆಗೆಸಿಬಿಡಿ."

"ಹೋದ ವಾರ ಪಕ್ಕದ ಆಸ್ಪತ್ರೇಲಿ ತೆಗೆಸಿದ್ದು ಇಲ್ಲೇ ಇದೆಯಲ್ಲ ಸಾರ್?"

"ಹೊರಗಿನದನ್ನ ನಾವು ನೋಡಲ್ಲ."

ಜಯಶೀಲಾಳ ಮೈಯೆಲ್ಲ ಉರಿದುಹೋಯಿತು. "ಅವರೂ ಯಾವುದಕ್ಕೂ ಇರಲಿ ಅಂತಲೇ ತೆಗೆದ್ರು. ಸ್ಕೂಲಲ್ಲಿ ನೆರಳು ತುಳಿಯೋ ಆಟಕ್ಕೆ ಇವಳನ್ನ ಯಾರೂ ಸೇರಿಸ್ಕೊಳ್ಳಲ್ಲ, ಗೊತ್ತಾ ನಿಮಗೆ? ತುಳಿಯೋಕೆ ಏನಿದೆ ಅಂತ ನಗ್ತಾರೆ."

"ಒಂದಕ್ಕೆಲ್ಲ ಏನೂ ಆಗಲ್ಲಮ್ಮ," ಎನ್ನುತ್ತ ಡಾಕ್ಟರು ಚೀಟಿ ಬರೆಯತೊಡಗಿದರು.

ಅವರ ನೆರಳು ನೆಲದ ಮೇಲೆ ಕಾಡಿಗೆ ಬಳಿದಂತೆ ಕಪ್ಪಗೆ, ದಟ್ಟವಾಗಿ ಬಿದ್ದಿತ್ತು. ಜಯಶೀಲಾ ಅದನ್ನೇ ದಿಟ್ಟಿಸಿದಳು.

"ನೀವೂ ಈಗ ಸೀನಿದ್ರಲ್ಲ ಸಾರ್," ಎಂದಳು. "ಯಾವುದಕ್ಕೂ ಇರಲಿ, ಮೊದಲು ನಿಮ್ಮದೊಂದು ತೆಗೆಸಿ."

ಪೆನ್ನು ನಿಂತಿತು. ಡಾಕ್ಟರು ತಮಗೇ ಅರಿವಿಲ್ಲದೆ ಕುರ್ಚಿಯನ್ನು ಬಿಸಿಲಿನಿಂದ ಹಿಂದಕ್ಕೆ ಸರಿಸತೊಡಗಿದರು. ಆದರೆ ಅಷ್ಟರಲ್ಲಿ ಇಂಚರ ಎರಡೂ ಕಾಲು ಜೋಡಿಸಿ ಅವರ ನೆರಳಿನ ಮೇಲೆ ಹಾರಿ ನಿಂತಿದ್ದಳು.

"ಔಟ್!"