ಗಾಜಿನ ಬೋಗುಣಿ

ಮೇಜಿನ ಮೇಲೆ ಗಾಜಿನ ಬೋಗುಣಿ ಕಂಡದ್ದೇ ವರ್ಲೀನ್ ಗ್ಯಾಸ್ಕಿಲ್‌ಳ ಎದೆ ಧಸಕ್ಕೆಂದಿತು. ಚರ್ಚಿನ ನಿಧಿಗೆ ಕಾಣಿಕೆ ಹಾಕುವ ಭಾನುವಾರ ಅಲ್ಲಿರಬೇಕಾದದ್ದು ಬೆತ್ತದ ಬುಟ್ಟಿ. ಮೊಣಕೈವರೆಗೂ ಕೈ ಇಳಿಯುವಷ್ಟು ಆಳದ್ದು, ಬಾಯಿಗೊಂದು ಬಟ್ಟೆ ಬೇರೆ.

ಸೀಡರ್ ಬ್ರಾಂಚ್ ಚರ್ಚಿನಲ್ಲಿ ಕಾಣಿಕೆ ತಟ್ಟೆ ಕೂತಲ್ಲಿಗೆ ಬರುವುದಿಲ್ಲ. ಎಲ್ಲರೂ ಎದ್ದು ಸಾಲಾಗಿ ಮೇಜಿನ ಬಳಿ ಹೋಗಬೇಕು. ಇದ್ದವರು ಹಾಕುತ್ತಾರೆ. ಇಲ್ಲದವರು ಮುಚ್ಚಿದ ಮುಷ್ಟಿಯನ್ನು ಬುಟ್ಟಿಯೊಳಗೆ ಇಳಿಸಿ, ಅಲ್ಲೇ ಬಿಚ್ಚಿ, ಬರಿಗೈ ತೆಗೆದುಕೊಂಡು ಬರುತ್ತಾರೆ. ಯಾರ ಮುಷ್ಟಿಯಲ್ಲಿ ಏನಿತ್ತೆಂದು ಯಾರೂ ಕೇಳುವುದಿಲ್ಲ. ಕೇಳಿದವನನ್ನು ನಮ್ಮಲ್ಲಿ ಮನುಷ್ಯನೆಂದು ಲೆಕ್ಕಕ್ಕೆ ಹಿಡಿಯುವುದೂ ಇಲ್ಲ. ಹೀಗೆ ಕೂಡಿಬಂದ ಮೂಲಧನವನ್ನು ಮುಟ್ಟದೆ, ಬರೀ ಬಡ್ಡಿಯಲ್ಲಿ ಒಂದು ವ್ಯಾನು ಓಡುತ್ತದೆ. ಮೂತ್ರಪಿಂಡ ಕೆಟ್ಟವರನ್ನು ಡಯಾಲಿಸಿಸ್‌ಗೆ ದೊಡ್ಡ ಊರಿಗೆ ಕರೆದೊಯ್ದು ಕರೆತರುವ ವ್ಯಾನು. ವರ್ಲೀನಳ ಗಂಡ ರೂಫಸ್ ಅದರಲ್ಲೇ ಹೋಗಿಬರುವವನು. ನಿಧಿಯ ಖಜಾಂಚಿ ವರ್ಲೀನ್. ಈ ದಿನ ಅವಳ ಮುಷ್ಟಿ ಖಾಲಿ. ಶುಕ್ರವಾರ ಗಂಡನ ಔಷಧಿಗೆ ನೋಟುಗಳು ಹೋದವು, ಶನಿವಾರ ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿಯ ಯಂತ್ರಕ್ಕೆ ಚಿಲ್ಲರೆಯೂ ಹೋಯಿತು.

ಬೋಗುಣಿ ತಂದವಳು ಕ್ಯಾಮಿಲ್, ನಗರದ ದೊಡ್ಡ ದತ್ತಿ ಸಂಸ್ಥೆಯವಳು. ನಮ್ಮ ಜನದವಳೇ, ಆದರೆ ಈ ಬುಟ್ಟಿ ಕಂಡು ಬೆಳೆದವಳಲ್ಲ. ಈ ದಿನ ಎಷ್ಟು ಕೂಡುತ್ತದೋ ಅದರ ಹತ್ತು ಪಟ್ಟು ಸಂಸ್ಥೆ ಕೊಡುತ್ತದೆ. ಷರತ್ತು ಒಂದೇ: ಸಭೆಯ ಪ್ರತಿ ಮನೆಯವರೂ ಏನಾದರೂ ಹಾಕಿರಬೇಕು, ಒಂದು ನಾಣ್ಯವಾದರೂ ಸರಿ. ಈಚೆಗೆ ಬರೀ ಬಡ್ಡಿ ಸಾಲುತ್ತಿಲ್ಲ; ಆ ಹಣ ಬಾರದಿದ್ದರೆ ಚಳಿಗಾಲಕ್ಕೆ ವ್ಯಾನು ನಿಲ್ಲುತ್ತದೆ.

"ನಮ್ಮ ಬುಟ್ಟಿ ಎಲ್ಲಮ್ಮಾ?" ವರ್ಲೀನ್ ಪಿಸುಗುಟ್ಟಿದಳು.

"ಒಳಗಿಟ್ಟಿದೀನಿ ಮಿಸ್ ವರ್ಲೀನ್. ತುಂಬಾ ಹಳೇದಾಗಿತ್ತು. ಇದು ನನ್ನ ಕಡೆಯಿಂದ ಉಡುಗೊರೆ. ಎಲ್ಲಾ ಕಣ್ಣಿಗೆ ಕಾಣೋ ಹಾಗಿದ್ರೆ ಜನಕ್ಕೂ ನಂಬಿಕೆ, ಫೋಟೋನೂ ಚೆನ್ನಾಗಿ ಬರುತ್ತೆ."

"ನಂಬಿಕೆ ಇರೋದ್ರಿಂದಲೇ ಕಣಮ್ಮಾ ಆ ಬುಟ್ಟಿ..."

ಅಷ್ಟರಲ್ಲಿ ಆರ್ಗನ್ ಶುರುವಾಯಿತು, ಜನ ಎದ್ದರು. ಮುಂದಿದ್ದ ಮುದುಕಿ ಅರ್ನೆಸ್ಟೀನ್ ಹಾಕಿದ ನಾಣ್ಯ ಗಾಜಿಗೆ ಬಡಿದು ಠಣ್ ಎಂದಿತು. ಈ ಚರ್ಚಿನಲ್ಲಿ ಯಾರೂ ಕೇಳಿರದ ಸದ್ದು ಅದು. ಸಾಲಿನಲ್ಲಿದ್ದ ಕೆಲವರು ಕತ್ತು ತಗ್ಗಿಸಿದರು. ವರ್ಲೀನ್ ಬಾಗಿಲ ಕಡೆ ನೋಡಿದಳು. ಹೊಟ್ಟೆನೋವೆಂದು ಹೊರಗೆ ನಡೆದುಬಿಡಲೇ? ನಡೆದರೆ ಅವಳ ಮನೆಯದು ಬಾಕಿಯಾಗುತ್ತದೆ. ಮೊದಲ ಬೆಂಚಿನಲ್ಲಿ ರೂಫಸ್ ಊದಿದ ಕಾಲು ಚಾಚಿಕೊಂಡು, ಮೊಣಕಾಲ ಮೇಲೆ ಹ್ಯಾಟು ಇಟ್ಟುಕೊಂಡು, ಹೆಂಡತಿ ಬರುವುದನ್ನೇ ಹೆಮ್ಮೆಯಿಂದ ನೋಡುತ್ತಿದ್ದ. ಅವಳಿಗೆ ನಾಚಿಕೆಗಿಂತ ವ್ಯಾನು ನಿಂತುಹೋದೀತೆಂಬ ಭಯವೇ ಹೆಚ್ಚಾಗಿತ್ತು.

ಅವಳು ಹಿಂದೆ ತಿರುಗಿದಳು. ಚರ್ಚಿನ ಕೆಲಸ ನೋಡಿಕೊಳ್ಳುವ ಡೀಕನ್ ಹೋಸಿಯಾ ಪೆಟ್‌ವೇ ನಿಂತಿದ್ದ.

"ಹೋಸಿಯಾ, ಒಂದು ಡಾಲರ್ ಇದ್ರೆ ಕೊಡಪ್ಪಾ. ಬುಧವಾರ ಪಿಂಚಣಿ ಬಂದ ತಕ್ಷಣ ಕೊಟ್ಬಿಡ್ತೀನಿ."

"ನೀನಾ? ಅಯ್ಯೋ ಸಿಸ್ಟರ್, ನಾನೇ ನಿನ್ನ ಬೆನ್ನು ತಟ್ಟಿ ಕೇಳಬೇಕು ಅಂತಿದ್ದೆ. ಕೋಳಿ ಫ್ಯಾಕ್ಟರಿ ಮುಚ್ಚಿದ ಮೇಲೆ ನಾನು ಬುಟ್ಟಿಗೆ ಗಾಳಿ ಹಾಕ್ತಾ ಇದೀನಿ."

"ಹಾಗಾದ್ರೆ ನಿನ್ನ ಹಿಂದಿರೋರನ್ನ ಕೇಳು, ಬೇಗ!"

"ಹಿಂದಿರೋದು ನನ್ನ ಷಡ್ಡಕ. ಅವನು ಬೆಳಗ್ಗೇನೇ ಬಂದು ನನ್ನ ಕೇಳಿ ಹೋದ."

ಇಂಥ ಹೊತ್ತಿನಲ್ಲೂ ಅವಳಿಗೆ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಸಾಲು ಸರಿದು ಅವಳ ಸರದಿ ಬಂದೇಬಿಟ್ಟಿತು. ಕ್ಯಾಮಿಲ್ ಫೋನು ಎತ್ತಿ ಹಿಡಿದು ನಗುತ್ತಿದ್ದಳು. ಖಜಾಂಚಿಯ ಫೋಟೋ ಮುಖ್ಯ. ವರ್ಲೀನ್ ಬೋಗುಣಿಯ ಮೇಲೆ ಕೈ ಚಾಚಿದಳು. ಆಮೇಲೆ ಬೆರಳು ಬಿಚ್ಚಿದಳು.

"ಈ ಸಲ ನನ್ನ ಹತ್ತಿರ ಏನೂ ಇಲ್ಲ," ಎಂದಳು. ಮೂರನೆಯ ಬೆಂಚಿನವರೆಗೂ ಕೇಳಿಸಿತು. ರೂಫಸ್ ಹ್ಯಾಟನ್ನು ಬಿಗಿಯಾಗಿ ಹಿಡಿದುಕೊಂಡ.

ಕ್ಯಾಮಿಲ್ ಫೋನು ಇಳಿಸಿದಳು. "ಮಿಸ್ ವರ್ಲೀನ್, ನಿಮ್ಮ ಹೆಸರಲ್ಲಿ ನಾನು ಹಾಕ್ತೀನಿ, ಸಂಸ್ಥೆಯವರಿಗೆ ಗೊತ್ತಾಗಲ್ಲ."

"ಬೇಡಮ್ಮಾ. ಎಷ್ಟು ಜನರ ಹೆಸರಲ್ಲಿ ಹಾಕ್ತೀಯ?"

ಹಿಂದಿನಿಂದ ಹೋಸಿಯಾ ಮುಂದೆ ಬಂದು ಬರಿ ಅಂಗೈ ತೋರಿಸಿದ. ಅವನ ಷಡ್ಡಕನೂ ತೋರಿಸಿದ. ಅವರ ಹಿಂದೆ ಐದು ಡಾಲರ್ ಹಿಡಿದು ನಿಂತಿದ್ದ ಹೆಂಗಸೊಬ್ಬಳು ಅದನ್ನು ಹಾಕುವುದೋ ಬೇಡವೋ ತಿಳಿಯದೆ ಅತ್ತಿತ್ತ ನೋಡಿದಳು. ಆರ್ಗನ್ ನುಡಿಸುವವನು ಅದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತಿದ್ದ.

ಕ್ಯಾಮಿಲ್ ಫೋನನ್ನು ಚೀಲಕ್ಕೆ ಹಾಕಿಕೊಂಡಳು. "ಸಂಜೆ ಸಂಸ್ಥೆಯವರು ಫೋನ್ ಮಾಡ್ತಾರೆ. ಪ್ರತಿ ಮನೆಯವರೂ ಕೊಟ್ರಾ ಅಂತ ಮೊದಲು ಅದನ್ನೇ ಕೇಳ್ತಾರೆ. ನಾನು ಏನು ಹೇಳಲಿ?"

ವರ್ಲೀನ್ ಗಂಡನ ಕಡೆಗೊಮ್ಮೆ ನೋಡಿದಳು.

"ಎಲ್ಲರೂ ಎದ್ದು ಬಂದ್ರು ಅಂತ ಹೇಳು. ಆಮೇಲೆ ಅವರನ್ನ ನೀನೊಂದು ಮಾತು ಕೇಳು, ಕಂದಾ. ಪ್ರತಿ ಮನೇಲೂ ಕೊಡೋಕೆ ಇದ್ದಿದ್ರೆ, ಈ ನಿಧಿ ಯಾರಿಗೆ ಬೇಕಿತ್ತು?"